ಎಣಿಕೆಗೆ ಸಿಗದ ಮಕ್ಕಳು

ಒಂದು ಊರಿನಲ್ಲಿ ಆಟಿಸಂ, ಅಂದರೆ ಸ್ವಲೀನತೆ, ಇರುವ ಮಕ್ಕಳೆಷ್ಟು? ಆಸ್ಪತ್ರೆಯ ದಾಖಲೆ ನೋಡಿದರೆ ಸಾಕಲ್ಲವೆ ಎಂದು ಮಿತ್ರರು ಕೇಳಬಹುದು. ಅದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಲೆಕ್ಕವಲ್ಲ.

ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ಪ್ರಾಂತದ 8ರಿಂದ 10 ವರ್ಷದ ಮಕ್ಕಳನ್ನು ಶೋಧಿಸಿದ ವಿಕ್ಟರ್ ಲಾಟರ್ ಅವರು 1966ರಲ್ಲಿ ಹತ್ತು ಸಾವಿರಕ್ಕೆ 4.5 ಎಂಬ ಅಂಕಿಯನ್ನು ಪ್ರಕಟಿಸಿದರು. ದಕ್ಷಿಣ ಕೊರಿಯದ ಗೋಯಾಂಗ್ ನಗರದ ಸಮೀಕ್ಷೆ 2011ರಲ್ಲಿ ಹೊರಬಂದಾಗ, 7ರಿಂದ 12 ವರ್ಷದವರಲ್ಲಿ ಅದು ನೂರಕ್ಕೆ 2.64!

ಇಷ್ಟರಿಂದಲೇ ಆಟಿಸಂ ಹಬ್ಬಿತೆಂದು ಗಾಬರಿಪಡುವುದು ನನಗೆ ಸರಿತೋರುವುದಿಲ್ಲ. ಲಾಟರರೂ ಉಪಾಧ್ಯಾಯರನ್ನು ವಿಚಾರಿಸಿದ್ದರು. ಆದರೆ ಅವರ ಅಳತೆಗೋಲು ಬಹು ಸಂಕುಚಿತ. ಜನರಿಂದ ತೀರ ವಿಮುಖವಾಗಿ, ಮಾಡಿದ್ದನ್ನೇ ಮಾಡುತ್ತ ಒಂದೇ ಕ್ರಮಕ್ಕೆ ಅಂಟಿಕೊಂಡ ಮಗು ಮಾತ್ರ ಅದಕ್ಕೆ ಸಿಕ್ಕುತ್ತಿತ್ತು. ಗೋಯಾಂಗಿನ ಹೊತ್ತಿಗೆ ಲಕ್ಷಣಗಳ ವ್ಯಾಪ್ತಿ ಹಿಗ್ಗಿತ್ತು. ಅಲ್ಲಿ ಸಾಮಾನ್ಯ ಶಾಲೆಗಳಲ್ಲೂ ತಂದೆತಾಯಿಗಳಿಗೆ ಪ್ರಶ್ನಾವಳಿ ಹಂಚಿ, ಸಂಶಯ ತೋರಿದ ಮಕ್ಕಳನ್ನು ತಜ್ಞರು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಿದರು. ಆ 2.64ರಲ್ಲಿ 1.89ರಷ್ಟು ಪಾಲು ಈ ಸಾಮಾನ್ಯ ಶಾಲೆಗಳದೇ. ಅದುವರೆಗೆ ಆ ಮಕ್ಕಳನ್ನು ಯಾರೂ ಗುರುತಿಸಿರಲಿಲ್ಲ, ನೆರವೂ ದೊರೆತಿರಲಿಲ್ಲ. ನಮ್ಮ ತರಗತಿಗಳಲ್ಲಿ ‘ಮೊಂಡ’, ‘ಮಂಕ’ ಎನ್ನಿಸಿಕೊಂಡವರಲ್ಲಿ ಇಂಥವರು ಇದ್ದಿರಬಾರದೇಕೆ?

ಹಾಗೆಂದು 2.64 ಕೊನೆಯ ಮಾತೇನಲ್ಲ. ಪ್ರಶ್ನಾವಳಿಗೆ ಉತ್ತರ ಬರೆಯದ ಮನೆಗಳು ಬಹಳವಿದ್ದವು. ಅವರ ಮಕ್ಕಳ ಲೆಕ್ಕವನ್ನು ಉಳಿದವರ ಆಧಾರದಿಂದ ಅಂದಾಜು ಮಾಡಬೇಕಾಯಿತು.