ಟಿಕೆಟ್‌ನ ಗಡಿಯಾರವನ್ನು ನಂಬಿ ಕೂರಬೇಡಿ

ಮಕ್ಕಳನ್ನು ನೋಡಲು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಟಿಕೆಟ್‌ನಲ್ಲಿ ಹೊರಡುವ, ಇಳಿಯುವ ವೇಳೆ ಎರಡೂ ಆಯಾ ಊರಿನದೇ. ಬೇಸಿಗೆಯಲ್ಲಿ ಆ ಊರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಮೇ ತಿಂಗಳಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ನೇರವಾಗಿ ಹಾರಿದರೆ, ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ 5.30! ಚೀಟಿ ನೋಡಿದರೆ ಮೂರೂವರೆ ಗಂಟೆಯ ಪಯಣ ಅನ್ನಿಸುತ್ತದೆ. ಆದ್ದರಿಂದ ಒಟ್ಟು ಅವಧಿ ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ.

ನೇರ ದೂರವೇ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಆ ಊರಿನಿಂದ ಉತ್ತರ ಧ್ರುವದ ಮೇಲೆ ಹಾದು, ಎಲ್ಲೂ ನಿಲ್ಲದೆ ಬೆಂಗಳೂರು ತಲುಪಿದ್ದರು. ನೆನೆದಾಗಲೆಲ್ಲ ಹೆಮ್ಮೆಯಾಗುತ್ತದೆ. ಆ ದಾರಿ ಹತ್ತಿರ ಎನ್ನುವುದು ನಕಾಶೆಯಲ್ಲಿ ಕಾಣುವುದಿಲ್ಲ, ಗೋಳದ ಮೇಲೆ ದಾರ ಎಳೆದು ನೋಡಿದರೆ ತಿಳಿಯುತ್ತದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯೂ ಲೆಕ್ಕಕ್ಕೆ ಸೇರುತ್ತದೆ. ಹಿಂದಿನಿಂದ ತಳ್ಳಿದರೆ ಸಮಯ ಉಳಿಯುತ್ತದೆ, ಎದುರಾದರೆ ಹೆಚ್ಚು ಹಿಡಿಯುತ್ತದೆ.

ನಡುವೆ ವಿಮಾನ ಬದಲಿಸುವುದಾದರೆ ಇಡೀ ದಿನವೇ ಕಳೆದೀತು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಯಾವ ಊರಿನ ವೇಳೆಗೆ ನುಂಗಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಸಂಕೋಚ ಬೇಡ.