ದೇವರ ಕರೆಗೆ ನಮ್ಮ ಉತ್ತರ

ಪಾಠ: 1 ಅರಸುಗಳು 19:19-21, ಲೂಕ 19:1-10



ದೇವರ ಕರೆಯು ದೇವಾಲಯದಲ್ಲಿ ಮಾತ್ರ ಕೇಳಿಸುವದೆಂದು ನಾವು ಎಣಿಸಬಾರದು. 12 ಜೋಡಿ ಎತ್ತುಗಳು ಉಳುತ್ತಿದ್ದ ಹೊಲದಲ್ಲಿ ಎಲೀಷನು ಕರೆಯಲ್ಪಟ್ಟನು. ನೊಗದ ಕಟ್ಟಿಗೆಯಿಂದಲೇ ಎತ್ತಿನ ಮಾಂಸವನ್ನು ಬೇಯಿಸಿ ಜನರಿಗೆ ಬಡಿಸಿ ಹೊರಟನು. ಜಕ್ಕಾಯನಿಗಾದರೋ ಊರು ಬಿಡೆಂಬ ಆಜ್ಞೆಯಾಗಲಿಲ್ಲ. ಅನ್ಯಾಯವಾಗಿ ತಕ್ಕೊಂಡದ್ದನ್ನು ನಾಲ್ಕರಷ್ಟು ಕೊಡುವೆನೆಂದು ಅವನು ತಾನೇ ಹೇಳಿದನು. ನಮ್ಮಲ್ಲಿ ಬಹುಜನರಿಗೆ ಬರುವ ಕರೆಯು ಈ ಎರಡನೆಯ ತರದ್ದು.

ಬಾಸೆಲ್ ಮಿಶನಿನವರು 1841ರಲ್ಲಿ ಬೆಟಗೇರಿಗೆ ಬಂದಂದಿನಿಂದ ಈ ಸೀಮೆಯವರು ಸುವಾರ್ತೆಯನ್ನು ಕೇಳಿದ್ದು ಬಹಳ, ಉತ್ತರ ಕೊಟ್ಟದ್ದೆಷ್ಟು? ಬೆಟಗೇರಿಯ ನೇಕಾರನು ಮಾಲಕನ ನೂಲಿನಲ್ಲಿ ಒಂದು ಲಡಿಯನ್ನು ಉಳಿಸಿಕೊಂಡರೆ, ಮುಂಡರಗಿಯ ರೈತನು ಹತ್ತಿಗೆ ನೀರು ಚಿಮುಕಿಸಿ ತೂಕಕ್ಕಿಟ್ಟರೆ, ಲಕ್ಷ್ಮೇಶ್ವರದ ಸಂತೆಯಲ್ಲಿ ಹುಳುಕು ಕಾಳು ಚೀಲದ ತಳದಲ್ಲಿ ಅಡಗಿದರೆ, ಶಿರಹಟ್ಟಿಯ ಅಣ್ಣನು ತಮ್ಮನ ಹೊಲಕ್ಕೆ ಬದುವನ್ನು ಒಂದು ಗೇಣು ಸರಿಸಿದರೆ, ನಮ್ಮ ಹಾಡುಗಳು ಉತ್ತರವಾಗಲಾರವು.

“ಹಿಂದಕ್ಕೆ ಕೊಟ್ಟರೆ ಮಕ್ಕಳಿಗೇನು ಉಣಿಸಲಿ?” ಎಂದು ಬಡವನು ಕೇಳುವನು. ಆ ಪ್ರಶ್ನೆ ಹಗುರವಾದದ್ದಲ್ಲ. ಸಭೆಯು ಅವನಿಗೆ ಉಪದೇಶವನ್ನು ಮಾತ್ರವಲ್ಲ, ಜೋಳವನ್ನೂ ಕೊಡಲಿ. ಅದು ಸಭೆಗೆ ಬಂದ ಕರೆಯಾಗಿದೆ.

ಆಲೋಚನೆಗೆ: ಈ ವಾರ ನಾವು ಯಾರಿಗೆ ಏನನ್ನು ಹಿಂದಕ್ಕೆ ಕೊಡತಕ್ಕದ್ದು?