ಯೇಸು ಯಾರು? ಎರಡು ಸಲ ಮುಟ್ಟಿದ ಕಣ್ಣು



ಧರ್ಮೋಪದೇಶದ ತರಗತಿಯಲ್ಲಿ ಯೇಸು ಯಾರೆಂದು ಕೇಳಿದರೆ ಮಕ್ಕಳು ಥಟ್ಟನೆ ಹೇಳುತ್ತಾರೆ: ದೇವಪುತ್ರ, ನಮ್ಮ ರಕ್ಷಕ. ಉತ್ತರ ಸರಿಯಾದದ್ದೇ. ಆದರೆ ಕೆಲವು ವರ್ಷಗಳ ಹಿಂದೆ, ಗಂಡನನ್ನು ಮಣ್ಣು ಮಾಡಿದ ತಾಯಿಯೊಬ್ಬರು ಅದೇ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳಿದರು: "ಫಾದರ್, ಒಂಬತ್ತು ದಿನ ನೊವೆನಾ ಮಾಡಿದೆ. ಯಾರ್‍ಯಾರನ್ನೋ ಗುಣಪಡಿಸಿದವರು ನಮ್ಮ ಮನೆಯವರನ್ನು ಉಳಿಸಲಿಲ್ಲ. ಹಾಗಾದರೆ ಅವರು ಯಾರು?" ಗುರುಮಠದಲ್ಲಿ ಕಲಿತ ಉತ್ತರ ಯಾವುದೂ ನನ್ನ ನಾಲಿಗೆಗೆ ಬರಲಿಲ್ಲ. ಆ ರಾತ್ರಿ ಸಂತ ಮಾರ್ಕರ ಶುಭಸಂದೇಶ ತೆರೆದೆ.

ನೀವೂ 8ನೇ ಅಧ್ಯಾಯವನ್ನು ತೆರೆಯಿರಿ. ಹೆರ್ಮೋನ್ ಬೆಟ್ಟದ ಬುಡದಲ್ಲಿ, ಜೋರ್ಡಾನ್ ನದಿಯ ಮೂಲವೊಂದು ಚಿಮ್ಮುವಲ್ಲಿ ಫಿಲಿಪ್ಪನ ಸೆಜರೇಯ ಎಂಬ ಪಟ್ಟಣವಿತ್ತು. ಅದರ ಹೆಸರಿನಲ್ಲೇ ರೋಮ್ ಚಕ್ರವರ್ತಿ ಇದ್ದಾನೆ. ಆ ದಾರಿಯಲ್ಲಿ ಯೇಸುಸ್ವಾಮಿ ಶಿಷ್ಯರನ್ನು, ತಾವು ಯಾರೆಂದು ಜನ ಹೇಳುತ್ತಾರೆ, ನೀವೇನು ಹೇಳುತ್ತೀರಿ ಎಂದು ಕೇಳಿದರು. ಪೇತ್ರರು ಅವರನ್ನು ಕ್ರಿಸ್ತರೆಂದು, ಅಂದರೆ ದೇವರ ಅಭಿಷಿಕ್ತರೆಂದು ಒಪ್ಪಿಕೊಂಡರು (8:29). ಸರಿಯಾದ ಉತ್ತರ. ಆದರೆ ಯೇಸು ತಮ್ಮ ಯಾತನೆ ಮರಣಗಳ ಮಾತೆತ್ತಿದೊಡನೆ ಅದೇ ಪೇತ್ರರು ಅವರನ್ನು ಪಕ್ಕಕ್ಕೆ ಕರೆದು ತಡೆದರು. ಸೈತಾನನೆಂದು ಗದರಿಸಿಕೊಂಡರು (8:33). ಎರಡಕ್ಕೂ ನಡುವೆ ಇರುವುದು ಮೂರೇ ವಚನ!

ಹೀಗೇಕಾಯಿತು? ಅದಕ್ಕೂ ಮುಂಚಿನ ಘಟನೆಯನ್ನು (8:22-26) ಓದಿ. ಬೆತ್ಸಾಯಿದದಲ್ಲಿ ಯೇಸು ಒಬ್ಬ ಕುರುಡನನ್ನು ಮುಟ್ಟಿದರು. ಅವನಿಗೆ ಜನರು ಕಂಡರು, ಆದರೆ ನಡೆದಾಡುವ ಮರಗಳ ಹಾಗೆ. ಯೇಸು ಎರಡನೇ ಸಲ ಮುಟ್ಟಿದ ಮೇಲೆಯೇ ಎಲ್ಲವೂ ಸ್ಪಷ್ಟವಾಯಿತು. ಎರಡು ಹಂತದಲ್ಲಿ ಆದ ಈ ಸ್ವಸ್ಥತೆಯನ್ನು ಹೇಳಿದವರು ಸಂತ ಮಾರ್ಕರು ಮಾತ್ರ. ಪೇತ್ರರದು ಒಂದೇ ಸಲ ಮುಟ್ಟಿಸಿಕೊಂಡ ಕಣ್ಣು. ಕ್ರಿಸ್ತರು ಕಂಡರು, ಶಿಲುಬೆ ಕಾಣಲಿಲ್ಲ.

ಇಲ್ಲಿಂದ 10ನೇ ಅಧ್ಯಾಯದ ಕೊನೆಯಲ್ಲಿ ಜೆರಿಕೋವಿನ ಕುರುಡ ಬಾರ್ತಿಮಾಯನು ದೃಷ್ಟಿ ಪಡೆಯುವವರೆಗೆ ಯೇಸು ತಮ್ಮ ಮರಣ ಪುನರುತ್ಥಾನಗಳನ್ನು ಮೂರು ಸಲ ಮುಂತಿಳಿಸುತ್ತಾರೆ (8:31, 9:31, 10:33-34). ಮೂರು ಸಲವೂ ಶಿಷ್ಯರು ಎಡವುತ್ತಾರೆ: ಒಮ್ಮೆ ಪೇತ್ರರು ತಡೆಯುತ್ತಾರೆ, ಒಮ್ಮೆ ಯಾರು ದೊಡ್ಡವರೆಂಬ ಜಗಳ, ಒಮ್ಮೆ ಎಡಬಲದ ಆಸನಗಳಿಗಾಗಿ ಬೇಡಿಕೆ. ಕೊನೆಗೆ ಈ ಶುಭಸಂದೇಶದಲ್ಲಿ ಯೇಸುವನ್ನು ದೇವಪುತ್ರರೆಂದು ಒಪ್ಪಿಕೊಂಡ ಮೊದಲ ಮನುಷ್ಯ ಯಾರು? ಶಿಲುಬೆಯ ಎದುರು ನಿಂತಿದ್ದ ರೋಮನ್ ಶತಾಧಿಪತಿ. ಅವನು ಕಂಡದ್ದು ಸ್ವಸ್ಥತೆಯ ಅದ್ಭುತವನ್ನಲ್ಲ, ಯೇಸು ಪ್ರಾಣಬಿಟ್ಟ ರೀತಿಯನ್ನು (15:39).

451ರಲ್ಲಿ ಕಾಲ್ಸೆದೋನ್ ಮಹಾಸಭೆ, ಯೇಸು ನಿಜ ದೇವರೂ ಹೌದು, ನಿಜ ಮನುಷ್ಯರೂ ಹೌದು ಎಂದು ಸಾರಿತು. ಆ ನಿಜ ಮನುಷ್ಯತ್ವ ನಮ್ಮ ಮನೆಯ ಸಾವಿನವರೆಗೂ ಇಳಿದು ಬರುತ್ತದೆ.

ಮರುದಿನ ಆ ತಾಯಿಯ ಮನೆಗೆ ಹೋಗಿ 15ನೇ ಅಧ್ಯಾಯವನ್ನು ನಿಧಾನವಾಗಿ ಓದಿದೆ. ಯೇಸು ದೇವರನ್ನು ಕೂಗಿ, ನನ್ನನ್ನೇಕೆ ಕೈಬಿಟ್ಟೆ ಎಂದು ಕೇಳುವ ಕಡೆ ಅವರು ನನ್ನನ್ನು ತಡೆದರು. "ಅವರಿಗೂ ಹೀಗೇ ಆಗಿತ್ತಾ ಫಾದರ್?" ಎಂದರು. ಗಂಡ ಏಕೆ ಹೋದರು ಎಂಬುದಕ್ಕೆ ನನ್ನಲ್ಲಿ ಆಗಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೆ ಯೇಸು ಯಾರೆಂಬುದನ್ನು ಅವರು ಅಂದು ನನಗಿಂತ ಹತ್ತಿರದಿಂದ ಕಂಡರು.

ಈ ವಾರ ಮನೆಯಲ್ಲಿ ಜಪಮಾಲೆಯ ನಂತರ 8:22ರಿಂದ 10:52ರವರೆಗೆ ಮೂರು ಸಂಜೆ ಹಂಚಿಕೊಂಡು ಓದಿರಿ. ಮಕ್ಕಳೂ ಓದಲಿ. ಯೇಸುವಿನ ಯಾವ ಮಾತು ನನಗಿನ್ನೂ ಮರದ ಹಾಗೆ ಮಸುಕಾಗಿದೆ ಎಂದು ಒಬ್ಬೊಬ್ಬರೂ ಹೇಳಿಕೊಳ್ಳಿ. ನಾಚಿಕೆ ಬೇಡ. ಬೆತ್ಸಾಯಿದದ ಕುರುಡನು ತನಗೆ ಅರ್ಧ ಮಾತ್ರ ಕಾಣುತ್ತಿದೆ ಎಂದು ಮುಚ್ಚಿಡದೆ ಹೇಳಿದ. ಯೇಸು ಅವನನ್ನು ಮತ್ತೊಮ್ಮೆ ಮುಟ್ಟಿದರು.

ಪ್ರಭುವೇ, ನಮ್ಮ ಕಣ್ಣುಗಳನ್ನೂ ಇನ್ನೊಮ್ಮೆ ಮುಟ್ಟಿರಿ. ಆಮೆನ್.